ಕೌನ್ಸೆಲಿಂಗ್ ಓದುವವರ ಮಾತು ಕೇಳುವವರು ಯಾರು? ಹೊರದೇಶದಲ್ಲಿ ಓದುತ್ತಿರುವವರೂ ಹೇಳಿ

ಹಾಸನದ ಹುಡುಗಿ · ಜೂನ್ 7, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ಕೌನ್ಸೆಲಿಂಗ್ ಸೈಕಾಲಜಿ ಎರಡನೇ ವರ್ಷ. ಊರು ಹಾಸನದ ಪಕ್ಕ, ಓದು ಬೆಂಗಳೂರಲ್ಲಿ. ಕಾಲೇಜಿನ ಹೆಸರು ಕೇಳಬೇಡಿ, ಇನ್ನೂ ಮಾರ್ಕ್ಸ್ ಕಾರ್ಡ್ ಕೈಗೆ ಬಂದಿಲ್ಲ.

ವಾರಕ್ಕೆ ಮೂರು ದಿನ ಒಂದು ಸಂಸ್ಥೆಯಲ್ಲಿ ಇಂಟರ್ನ್‌ಶಿಪ್. ಸ್ಟೈಪೆಂಡ್ ಇಲ್ಲ. ಹೆಂಗಸರಿಗೆ ಬಸ್ಸು ಫ್ರೀ ಇರುವುದೇ ಪುಣ್ಯ. ಸೂಪರ್‌ವಿಷನ್ ಅಂತ, ಅಂದರೆ ಅನುಭವ ಇರುವವರ ಮುಂದೆ ಕೂತು ನಮ್ಮ ಕೌನ್ಸೆಲಿಂಗ್ ಬಗ್ಗೆ ಮಾತಾಡುವುದಕ್ಕೆ, ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಸಿಗುತ್ತದೆ. ಆ ಗಂಟೆಯಲ್ಲಿ ನಾವು ಹತ್ತು ಜನ. ಒಬ್ಬೊಬ್ಬರಿಗೆ ಆರು ನಿಮಿಷ. ಅದರಲ್ಲೂ ಮೊದಲ ಎರಡು ನಿಮಿಷ ಫೈಲ್ ಸರಿಯಾಗಿ ಬರೆದಿದ್ದೇವಾ ಎಂದು ನೋಡುವುದಕ್ಕೇ ಹೋಗುತ್ತದೆ.

ಹೋದ ತಿಂಗಳು ಒಬ್ಬರು ನನ್ನೆದುರು ಕೂತು, ಬದುಕುವುದೇ ಬೇಡ ಅನ್ನಿಸಿದೆ ಅಂದರು. ಅವರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಓದಿದ್ದನ್ನೆಲ್ಲ ನೆನಪಿಸಿಕೊಂಡು ಕೇಳಬೇಕಾದ ಪ್ರಶ್ನೆ ಕೇಳಿದೆ. ಅವರ ಒಪ್ಪಿಗೆ ಪಡೆದು ಮನೆಯವರನ್ನು ಕರೆಸಿದೆ, ಡಾಕ್ಟರ ಹತ್ತಿರ ಕಳಿಸಿದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದುಕೊಟ್ಟೆ. ಅವರು ಈಗ ಸುಧಾರಿಸಿದ್ದಾರೆ. ಅವತ್ತು ನಾನು ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದು ಮುಂದಿನವರನ್ನು ಕರೆದೆ. ರಾತ್ರಿ ನಿದ್ದೆ ಬರಲಿಲ್ಲ. ಅಮ್ಮ ಫೋನಿನಲ್ಲಿ "ಯಾಕೆ ಧ್ವನಿ ಹಿಂಗಿದೆ" ಅಂದರು. ಏನಂತ ಹೇಳಲಿ? ಕ್ಲೈಂಟ್ ಮಾತು ಮನೆಯವರಿಗೆ ಹೇಳುವ ಹಾಗಿಲ್ಲ. ಸೂಪರ್‌ವಿಷನ್‌ಗೆ ಇನ್ನೂ ಒಂಬತ್ತು ದಿನ ಇತ್ತು.

ಫಾರಿನ್‌ಗೆ ಹೋದರೆ ಎಲ್ಲ ಸರಿ ಇರುತ್ತದೆ ಎಂದು ಕ್ಲಾಸಿನಲ್ಲಿ ಅರ್ಧ ಜನ ಅನ್ನುತ್ತಾರೆ. ಅಲ್ಲಿರುವವರು ಹೇಳಿ, ನಿಜವಾಗ್ಲೂ ಹಾಗಿದೆಯಾ? ದುಡ್ಡು, ಸೂಪರ್‌ವಿಷನ್, ನಿಮ್ಮ ಮಾತು ಕೇಳುವವರು, ಇದರಲ್ಲಿ ಯಾವುದು ಸಿಗುತ್ತದೆ, ಯಾವುದು ಇಲ್ಲ?

ಮಿಡ್‌ವೆಸ್ಟ್ ಮಂಗಳೂರಿಗ · ಜೂನ್ 8, ಬೆಳಿಗ್ಗೆ 7:15

ಸೂಪರ್‌ವಿಷನ್ ವಿಷಯದಲ್ಲಿ ಅಮೆರಿಕ ಚೆನ್ನಾಗಿದೆ ಮಾರಾಯ್ರೆ, ಸುಳ್ಳು ಹೇಳುವುದಿಲ್ಲ. ಇಲ್ಲಿ ಕೇಕ್ರೆಪ್ ಎಂಬ ಸಂಸ್ಥೆಯ ಮಾನ್ಯತೆ ಇರುವ ಮಾಸ್ಟರ್ಸ್ ಮಾಡುತ್ತಿದ್ದೇನೆ. 60 ಕ್ರೆಡಿಟ್. ಮೊದಲು 100 ಗಂಟೆ ಪ್ರಾಕ್ಟಿಕಂ, ಅಂದರೆ ಮೊದಲ ಹಂತದ ತರಬೇತಿ, ಆಮೇಲೆ 600 ಗಂಟೆ ಇಂಟರ್ನ್‌ಶಿಪ್. ವಾರಕ್ಕೆ ಸರಾಸರಿ ಒಂದು ಗಂಟೆ ಸೂಪರ್‌ವೈಸರ್ ಜೊತೆ ಒಬ್ಬರೇ ಅಥವಾ ಇಬ್ಬರೇ ಕೂರಬೇಕು. ಗುಂಪಿನಲ್ಲಿ ಒಂದೂವರೆ ಗಂಟೆ ಬೇರೆ. ಕ್ಲೈಂಟ್ ಒಪ್ಪಿದರೆ ಸೆಷನ್ ರೆಕಾರ್ಡ್ ಮಾಡಿ ಸೂಪರ್‌ವೈಸರ್ ಮುಂದೆ ಹಾಕುತ್ತೇವೆ. ನನ್ನದೇ ಧ್ವನಿ ಕೇಳಿ ಮೊದಲ ಸಲ ಬೆವರಿದ್ದೆ. ಒಂದು ನಿಮಿಷಕ್ಕೆ ಎಷ್ಟು ಸಲ "ಓಕೆ ಓಕೆ" ಅನ್ನುತ್ತೇನೆ ಅಂತ ಅವತ್ತೇ ಗೊತ್ತಾಯಿತು.

ಈಗ ಇನ್ನೊಂದು ಮುಖ. ಡಿಗ್ರಿ ಮುಗಿದ ಕೂಡಲೇ ಲೈಸೆನ್ಸ್ ಸಿಗುವುದಿಲ್ಲ. ಲೈಸೆನ್ಸ್ ಕೊಡುವುದು ಆಯಾ ರಾಜ್ಯ, ನಿಯಮವೂ ರಾಜ್ಯಕ್ಕೊಂದು. ನಾನಿರುವ ಕಡೆ ಡಿಗ್ರಿ ಆದ ಮೇಲೆ ಸೂಪರ್‌ವಿಷನ್ ಅಡಿಯಲ್ಲಿ 3000 ಗಂಟೆ ಕೆಲಸ ಮಾಡಬೇಕು. ವಿದ್ಯಾರ್ಥಿ ವೀಸಾದಲ್ಲಿ ಬಂದವನಿಗೆ ಓದಿದ ಮೇಲೆ ಕೆಲಸಕ್ಕೆ ಸಿಗುವ ಒಪಿಟಿ ಅವಧಿ 12 ತಿಂಗಳು. ಕಂಪ್ಯೂಟರ್ ಓದಿದವರಿಗೆ ಸಿಗುವ ಹೆಚ್ಚುವರಿ ಎರಡು ವರ್ಷ ನನ್ನ ಕೋರ್ಸಿಗೆ ಇಲ್ಲ. ಲೆಕ್ಕ ಹಾಕಿ: ವಾರಕ್ಕೆ 40 ಗಂಟೆ, 50 ವಾರ, ಒಟ್ಟು 2000. ಉಳಿದ 1000 ಗಂಟೆ ಎಲ್ಲಿಂದ ತರುವುದು? ಆ ಒಂದು ವರ್ಷದೊಳಗೆ ವೀಸಾ ಹಾಕಿಸುವ ಕೆಲಸದವರು ಸಿಕ್ಕರೆ ಉಂಟು, ಇಲ್ಲದಿದ್ದರೆ ಅರ್ಧ ಬೆಂದ ಲೈಸೆನ್ಸ್ ಹಿಡಿದು ವಿಮಾನ ಹತ್ತುವುದು. ಕಾಲೇಜಿನಲ್ಲಿ ವೀಸಾ ನೋಡುವವರಿಗೆ ಲೈಸೆನ್ಸ್ ಗೊತ್ತಿಲ್ಲ, ಕೋರ್ಸ್ ನೋಡುವವರಿಗೆ ವೀಸಾ ಗೊತ್ತಿಲ್ಲ. ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿದ್ದರೆ ನನಗೆ ಅದೇ ದೊಡ್ಡ ಸಹಾಯ ಆಗುತ್ತಿತ್ತು.

ಸುಮ್ನೆ ಬಂದೆ · ಜೂನ್ 8, ಬೆಳಿಗ್ಗೆ 9:02

ತಪ್ಪು ತಿಳಿಯಬೇಡಿ. ಮೆಡಿಕಲ್ ಓದುವವರು ನಿದ್ದೆಗೆಡುತ್ತಾರೆ, ಸಿಎ ಮಾಡುವವರು ಆಡಿಟ್ ಸೀಸನ್‌ನಲ್ಲಿ ಮನೆಗೇ ಬರುವುದಿಲ್ಲ. ಎಲ್ಲ ಓದಿನಲ್ಲೂ ಕಷ್ಟ ಇದೆ. ಕೌನ್ಸೆಲಿಂಗ್ ಓದುವವರಿಗೇ ಸ್ಪೆಷಲ್ ಸಪೋರ್ಟ್ ಯಾಕೆ?

ಲೀಡ್ಸ್ ಮಳೆ · ಜೂನ್ 8, ಮಧ್ಯಾಹ್ನ 1:30

ಸುಮ್ನೆ ಬಂದೆ ಅವರೇ, ಮೆಡಿಕಲ್ ಹೌಸ್ ಸರ್ಜನ್‌ಗೆ ಸ್ಟೈಪೆಂಡ್ ಇದೆ. ಸಿಎ ಆರ್ಟಿಕಲ್‌ಶಿಪ್‌ಗೂ ಕಡಿಮೆ ಅಂದ್ರೆ ಇಷ್ಟು ಕೊಡಲೇಬೇಕು ಎಂದು ನಿಯಮ ಇದೆ. ಮೊದಲು ಅಷ್ಟು ಕೊಡಿ, ಸ್ಪೆಷಲ್ ಯಾವುದು ಎಂದು ಆಮೇಲೆ ಮಾತಾಡೋಣ.

ಹಾಸನದ ತಂಗಿ, ನಾನು ಇಂಗ್ಲೆಂಡಿನಲ್ಲಿ ಕೌನ್ಸೆಲಿಂಗ್ ಸೈಕಾಲಜಿ ಡಾಕ್ಟರೇಟ್ ಮಾಡುತ್ತಿದ್ದೇನೆ. ನನ್ನ ಹೊಟ್ಟೆಕಿಚ್ಚು ಹೇಳುತ್ತೇನೆ ಕೇಳು. ಪ್ಲೇಸ್‌ಮೆಂಟಿನಲ್ಲಿ, ಅಂದರೆ ಓದಿನ ಭಾಗವಾಗಿ ತರಬೇತಿಗೆ ಹೋಗುವ ಜಾಗದಲ್ಲಿ, ಪಕ್ಕದ ರೂಮಿನಲ್ಲಿ ಕೂರುವ ಕ್ಲಿನಿಕಲ್ ಸೈಕಾಲಜಿ ಟ್ರೈನಿಗೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಸಂಬಳ ಕೊಡುತ್ತದೆ, ಫೀಸನ್ನೂ ಕಟ್ಟುತ್ತದೆ. ಅದೂ ಡಾಕ್ಟರೇಟ್, ಇದೂ ಡಾಕ್ಟರೇಟ್. ನಾನು ಫೀಸು ನಾನೇ ಕಟ್ಟಿ, 450 ಗಂಟೆ ಕ್ಲೈಂಟ್ ಕೆಲಸ ಪುಕ್ಕಟೆ ಮಾಡಿ, ಶನಿವಾರ ಭಾನುವಾರ ಕೇರ್ ಹೋಮಿನಲ್ಲಿ ಅಜ್ಜಿಯರಿಗೆ ಊಟ ಮಾಡಿಸುತ್ತೇನೆ. ಅಜ್ಜಿಯರು ಒಳ್ಳೆಯವರು, ಅದು ಬೇರೆ ಮಾತು. ಇದರ ಮೇಲೆ ನಾನೇ ಕ್ಲೈಂಟ್ ಆಗಿ 40 ಗಂಟೆ ಥೆರಪಿಗೆ ಹೋಗಬೇಕು. ಅದು ಕಡ್ಡಾಯ. ಅದರ ಖರ್ಚೂ ನನ್ನದೇ.

ಆದರೆ ಒಂದು ವಿಷಯ ಇಲ್ಲಿಂದ ಕದ್ದು ತರುವಂಥದ್ದು. ಬಿಎಸಿಪಿ ಎಂಬ ಕೌನ್ಸೆಲರ್‌ಗಳ ಸಂಘ ಇದೆ. ಅದರ ಸದಸ್ಯರು ಕ್ಲೈಂಟ್ ನೋಡುವವರೆಗೂ ಸೂಪರ್‌ವಿಷನ್ ಬಿಡುವ ಹಾಗಿಲ್ಲ, ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ. ತಲೆ ನರೆತ ನನ್ನ ಟೀಚರ್ ಕೂಡ ಹೋಗಿ ಇನ್ನೊಬ್ಬರ ಮುಂದೆ ಕೂರುತ್ತಾರೆ, ಏನೋ ಹಲ್ಲಿನ ಡಾಕ್ಟರ ಹತ್ತಿರ ಹೋದ ಹಾಗೆ. ನಮ್ಮಲ್ಲಿ ಸೂಪರ್‌ವಿಷನ್ ಅಂದರೆ ಪಾಸಾಗದವರಿಗೆ ಟ್ಯೂಷನ್ ಅನ್ನೋ ಹಾಗೆ ನೋಡುತ್ತಾರೆ, ಅಲ್ವಾ?

ಸುಮ್ನೆ ಬಂದೆ · ಜೂನ್ 8, ಮಧ್ಯಾಹ್ನ 1:52

ಸ್ಟೈಪೆಂಡ್ ವಿಷಯ ಒಪ್ಪಿದೆ. ತಮ್ಮ ದುಡ್ಡಲ್ಲೇ ಕಡ್ಡಾಯವಾಗಿ ಥೆರಪಿಗೆ ಹೋಗಬೇಕು ಅನ್ನೋದು ಮಾತ್ರ ನನಗೆ ದಂಡ ಕಟ್ಟಿಸಿದ ಹಾಗೆ ಕಾಣುತ್ತದೆ. ನಮ್ಮ ಮನೆಯಲ್ಲೂ ಒಬ್ಬರು ಈ ಕೋರ್ಸ್ ಸೇರಿದ್ದಾರೆ. ಫೀಸು ಕಟ್ಟುವವನು ನಾನು. ಅದಕ್ಕೇ ಕೇಳಿದ್ದು.

ಎರಡನೇ ಇನಿಂಗ್ಸ್ · ಜೂನ್ 8, ಸಂಜೆ 4:10

ಓಹೋ, ಮನೆಯವರು ಇಲ್ಲೇ ಸಿಕ್ಕರು! ನಮ್ಮ ಯಜಮಾನರೂ ಇದನ್ನೇ ಕೇಳಿದ್ದು: "ಮಾತಾಡೋಕೆ ಎಂಎಸ್ಸಿ ಯಾಕೆ?"

ನನಗೆ 47. ಬ್ಯಾಂಕ್ ಕೆಲಸ ಬಿಟ್ಟು ಈ ಕಡೆ ಬಂದೆ. ನನ್ನಂಥ ಹೆಂಗಸರಿಗೆ ದೂರಶಿಕ್ಷಣವೇ ಬಾಗಿಲು ಆಗಿತ್ತು. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಸೈಕಾಲಜಿಯನ್ನು ದೂರಶಿಕ್ಷಣದಲ್ಲೂ ಆನ್‌ಲೈನಿನಲ್ಲೂ ಕೊಡಬಾರದು ಎಂದು ಯುಜಿಸಿ ನಿಲ್ಲಿಸಿತು. ಕ್ಲೈಂಟ್ ಮುಖವನ್ನೇ ನೋಡದೆ ಕೌನ್ಸೆಲರ್ ಆಗುವುದು ತಪ್ಪು, ಅದು ನನಗೂ ಗೊತ್ತು. ಆದರೆ ಆ ಬಾಗಿಲು ಮುಚ್ಚಿದವರು ಸಂಜೆ ಕಾಲೇಜು ಅಂತ ಒಂದು ಕಿಟಕಿಯನ್ನಾದರೂ ತೆಗೆಯಬಹುದಿತ್ತು. ನಾನು ಹೇಗೋ ರೆಗ್ಯುಲರ್ ಸೀಟು ಹಿಡಿದೆ. ಕ್ಲಾಸಿನಲ್ಲಿ ಎಲ್ಲರೂ ಆಂಟಿ ಅನ್ನುತ್ತಾರೆ. ಮಗಳ ಪಿಯುಸಿ, ಮಾವನ ಡಯಾಲಿಸಿಸ್, ನನ್ನ ಪ್ರಾಕ್ಟಿಕಲ್ ಮೂರೂ ಒಂದೇ ವಾರ ಬರುತ್ತವೆ. ನನಗೆ ಬೇಕಾದ ಸಪೋರ್ಟ್ ಥೆರಪಿ ಅಲ್ಲ. ಟೈಮ್ ಟೇಬಲನ್ನು ಒಂದು ತಿಂಗಳು ಮುಂಚೆ ಕೊಟ್ಟರೆ ಸಾಕು.

ಮೇಪಲ್ ಎಲೆ · ಜೂನ್ 8, ರಾತ್ರಿ 8:45

ಕೆನಡಾದ ಒಂಟಾರಿಯೊದಿಂದ. ಇಲ್ಲಿ ಸೈಕೊಥೆರಪಿಸ್ಟ್‌ಗಳಿಗೆ ಸಿಆರ್‌ಪಿಒ ಎಂಬ ಸರ್ಕಾರಿ ಅಧಿಕಾರದ ಕಾಲೇಜು ಇದೆ. ಕಾಲೇಜು ಅಂದರೆ ಓದುವ ಜಾಗ ಅಲ್ಲ, ನಮ್ಮ ಬಾರ್ ಕೌನ್ಸಿಲ್ ತರಹ. ಪೂರ್ತಿ ನೋಂದಣಿಗೆ 450 ಗಂಟೆ ಕ್ಲೈಂಟ್ ಕೆಲಸ, 100 ಗಂಟೆ ಸೂಪರ್‌ವಿಷನ್ ಬೇಕು. ಅನುಪಾತ ನೋಡಿ: ಸುಮಾರು ನಾಲ್ಕೂವರೆ ಗಂಟೆ ಕೇಳಿದರೆ ಒಂದು ಗಂಟೆ ನಿನ್ನ ಮಾತು ಕೇಳುವವರು ಇರುತ್ತಾರೆ. ಹಾಸನದ ಹುಡುಗಿಯ ಆರು ನಿಮಿಷದ ಪಕ್ಕ ಇಟ್ಟು ನೋಡಿ.

ದುಡ್ಡಿನ ಕಥೆ ಇಲ್ಲೂ ಅದೇ, ಪ್ಲೇಸ್‌ಮೆಂಟ್ ಪುಕ್ಕಟೆ. ನನ್ನ ನಿಜವಾದ ತೊಂದರೆ ಬೇರೆ. ಮೊದಲ ವಾರವೇ "ನೀನು ಸೌತ್ ಏಷ್ಯನ್, ನಿನಗೆ ಅರ್ಥ ಆಗುತ್ತದೆ" ಎಂದು ಪಂಜಾಬಿ ಮಾತಾಡುವ ಕುಟುಂಬವನ್ನು ನನಗೆ ಕೊಟ್ಟರು. ನಾನು ಶಿವಮೊಗ್ಗದವಳು! ಅವರಿಗೂ ನನಗೂ ಸಮಾನ ಅಂದರೆ ಚಹಾ ಒಂದೇ. ಸೂಪರ್‌ವೈಸರ್‌ಗೆ ಹೇಳಲು ಎರಡು ತಿಂಗಳು ಬೇಕಾಯಿತು. ಮಾರ್ಕ್ಸ್ ಹಾಕುವವರೂ ಅವರೇ, ನನ್ನ ಕಷ್ಟ ಕೇಳಬೇಕಾದವರೂ ಅವರೇ. ಅವರ ಮುಂದೆ ಬಾಯಿ ಬಿಡುವುದು ಸುಲಭ ಅಲ್ಲ. ಗಂಟೆ ಎಷ್ಟೇ ಇದ್ದರೂ ಇದೊಂದು ಸಿಕ್ಕು ಬಿಡಿಸಿಕೊಳ್ಳುವುದಿಲ್ಲ. ಕೊನೆಗೆ ಮಾರ್ಕ್ಸ್‌ಗೆ ಸಂಬಂಧ ಇಲ್ಲದ ಒಬ್ಬ ಹಳೆಯ ಸ್ಟೂಡೆಂಟ್‌ಗೆ ಮೊದಲು ಹೇಳಿಕೊಂಡೆ.

ಸುಮ್ನೆ ಬಂದೆ ಸರ್‌ಗೆ: ನೋಂದಣಿಗೆ ಇಲ್ಲಿ ಇನ್ನೊಂದು ಷರತ್ತಿದೆ. ನಿನ್ನ ಸಿಟ್ಟು, ನಿನ್ನ ಹಳೆಯ ಗಾಯ, ನಿನ್ನ ನಂಬಿಕೆ ಕ್ಲೈಂಟ್ ಮೇಲೆ ಬೀಳದ ಹಾಗೆ ನಿನ್ನನ್ನು ನೀನು ಬಳಸಲು ಕಲಿತಿದ್ದೀಯಾ ಎಂದು ತೋರಿಸಬೇಕು. ಮರಗೆಲಸದವನು ಉಳಿ ಮಸೆಯುತ್ತಾನೆ. ನಮಗೆ ಉಳಿ ಅಂದರೆ ನಾವೇ. ಆದರೆ ಮಸೆಯುವ ಖರ್ಚು ವಿದ್ಯಾರ್ಥಿಯ ತಲೆಗೆ ಕಟ್ಟುವುದು ತಪ್ಪು ಅನ್ನುವುದರಲ್ಲಿ ನಿಮ್ಮ ಜೊತೆ ನಾನೂ ಇದ್ದೇನೆ.

ಕೆಎಲ್ ಕನ್ನಡಿಗ · ಜೂನ್ 8, ರಾತ್ರಿ 10:20

ಮಲೇಷ್ಯಾದಿಂದ ಎರಡೇ ಸಾಲು. ಇಲ್ಲಿ 1998ರಿಂದಲೇ ಕೌನ್ಸೆಲರ್ ಕಾಯ್ದೆ ಇದೆ. ನೋಂದಣಿ ಇಲ್ಲದೆ ಕೌನ್ಸೆಲರ್ ಅಂತ ಹೇಳಿಕೊಳ್ಳುವ ಹಾಗಿಲ್ಲ. ಓದುವಾಗ ಕಷ್ಟ ಇದ್ದೇ ಇತ್ತು, ಆದರೆ "ಮುಂದೆ ಏನಾಗ್ತೀಯ" ಎಂದು ಯಾರಾದರೂ ಕೇಳಿದರೆ ಉತ್ತರ ಇತ್ತು.

ಧಾರವಾಡ ಮೇಷ್ಟ್ರು · ಜೂನ್ 9, ಬೆಳಿಗ್ಗೆ 6:30

ಕೆಎಲ್‌ನವರ ಮಾತು ಮುಖ್ಯ ನೋಡ್ರಿ. ನಾನು ಈ ವಿಷಯ ಕಲಿಸುವವನು, ಆ ಕಡೆಯಿಂದಲೂ ಒಂದು ಮಾತು ಇರಲಿ.

ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಗೆ ದಾರಿ ಬೇಗ ಬಿತ್ತು. ಇವತ್ತಿನ ನಿಮ್ಹಾನ್ಸ್ ಇರುವ ಜಾಗದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. ಮರುವರ್ಷವೇ ಅಲ್ಲಿ ಮೆಡಿಕಲ್ ಸೈಕಾಲಜಿ ಡಿಪ್ಲೊಮಾ ಬಂತು, ಅದೇ ಬೆಳೆದು ಎಂಫಿಲ್ ಆಯಿತು. 1992ರ ಕಾಯ್ದೆಯಿಂದ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಅವರಿಗೆ ನೋಂದಣಿ ಕೊಡುತ್ತದೆ. ಕೌನ್ಸೆಲಿಂಗ್ ಓದಿದವರು ಅದರಲ್ಲಿ ಸೇರಲಿಲ್ಲ. 2021ರಲ್ಲಿ ಅಲೈಡ್ ಹೆಲ್ತ್‌ಕೇರ್ ಕಾಯ್ದೆ ಬಂದಾಗ ಸೈಕಾಲಜಿಸ್ಟರು, ಕೌನ್ಸೆಲರ್‌ಗಳು ಮೊದಲ ಸಲ ಪಟ್ಟಿಯಲ್ಲಿ ಕಂಡರು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಹೇಳಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಯಲ್ಲಿ ಅರ್ಹ ಕೌನ್ಸೆಲರ್ ಒಬ್ಬರಾದರೂ ಇರಬೇಕು ಎಂದಿತು. ಅಂದರೆ ಕೆಲಸ ಬರುತ್ತದೆ. ಆ ಕೆಲಸಕ್ಕೆ ಹೋಗುವ 23 ವರ್ಷದ ಹುಡುಗಿಯ ಬೆನ್ನ ಹಿಂದೆ ಯಾರು ನಿಲ್ಲುತ್ತಾರೆ? ಸಾವಿರ ಮಕ್ಕಳಿಗೆ ಒಬ್ಬಳೇ, ಸ್ಟಾಫ್ ರೂಮಿನ ಮೂಲೆಯಲ್ಲಿ ಒಂದು ಕುರ್ಚಿ.

ಇನ್ನು ನನ್ನ ತಪ್ಪೊಪ್ಪಿಗೆ. ನಾನೂ ಹತ್ತು ಜನರನ್ನು ಒಂದೇ ಗಂಟೆಯಲ್ಲಿ ಕೂರಿಸಿದವನೇ. ಕೆಲವು ಸಲ ಹದಿನಾಲ್ಕು. ನನ್ನ ವರ್ಕ್‌ಲೋಡಿನಲ್ಲಿ ಸೂಪರ್‌ವಿಷನ್ ಅನ್ನುವ ಕಾಲಮ್ಮೇ ಇಲ್ಲ, ಪಾಠ ಮಾಡಿದ ಗಂಟೆ ಮಾತ್ರ ಲೆಕ್ಕ. ನಾನು ಓದುವಾಗ ನನ್ನನ್ನು ಯಾರೂ "ನಿನಗೆ ಹೇಗಾಯಿತು" ಎಂದು ಕೇಳಿರಲಿಲ್ಲ. ಹಾಗಾಗಿ ಬಹಳ ವರ್ಷ ನಾನೂ ಯಾರನ್ನೂ ಕೇಳಲಿಲ್ಲ. ಫೈಲ್ ನೋಡುವುದು ಸುಲಭ ಇತ್ತು.

ಮೆಲ್ಬರ್ನ್ ಅಮ್ಮ · ಜೂನ್ 9, ಬೆಳಿಗ್ಗೆ 8:05

ಮೇಷ್ಟ್ರೇ, ಇದನ್ನು ಬರೆದಿದ್ದಕ್ಕೆ ಥ್ಯಾಂಕ್ಸ್.

ಆಸ್ಟ್ರೇಲಿಯಾದ ಸುದ್ದಿ: 2025ರ ಜುಲೈಯಿಂದ ಪ್ಲೇಸ್‌ಮೆಂಟ್ ಮಾಡುವ ವಿದ್ಯಾರ್ಥಿಗಳಿಗೆ ಸರ್ಕಾರ ವಾರದ ಭತ್ಯೆ ಶುರುಮಾಡಿತು. ನಾವೆಲ್ಲ ಖುಷಿಪಟ್ಟು ಪಟ್ಟಿ ತೆಗೆದು ನೋಡಿದೆವು. ಟೀಚರ್, ನರ್ಸ್, ಮಿಡ್‌ವೈಫ್, ಸೋಶಿಯಲ್ ವರ್ಕ್. ಕೌನ್ಸೆಲಿಂಗ್ ಇಲ್ಲ. ಹೊರದೇಶದಿಂದ ಬಂದ ವಿದ್ಯಾರ್ಥಿಗಳಿಗಂತೂ ಯಾವ ಕೋರ್ಸ್ ಆದರೂ ಇಲ್ಲ. ಇಲ್ಲಿ ಸೈಕಾಲಜಿಸ್ಟ್‌ಗೆ ಸರ್ಕಾರಿ ನೋಂದಣಿ, ಅವರ ಹತ್ತಿರ ಹೋದವರಿಗೆ ಸರ್ಕಾರದ ಆರೋಗ್ಯ ವಿಮೆ ಮೆಡಿಕೇರ್‌ನಿಂದ ರಿಯಾಯಿತಿ. ಕೌನ್ಸೆಲರ್‌ಗೆ ಎರಡೂ ಇಲ್ಲ, ಸಂಘದ ಸದಸ್ಯತ್ವ ಅಷ್ಟೇ. ಹಾಗಾಗಿ ಹಾಸನದ ಮಗಳೇ, ಸೂಟ್‌ಕೇಸ್ ಕಟ್ಟುವ ಮುಂಚೆ ದೇಶದ ಹೆಸರು ನೋಡಬೇಡ, ಆ ದೇಶದಲ್ಲಿ ಈ ಡಿಗ್ರಿಗೆ ಏನು ಹೆಸರು ಕೊಡುತ್ತಾರೆ ಅದನ್ನು ನೋಡು.

ಹೊಸ ಸದಸ್ಯ · ಜೂನ್ 9, ಬೆಳಿಗ್ಗೆ 10:11

[ಈ ಬರಹ ತೆಗೆಯಲಾಗಿದೆ]

ನಿರ್ವಾಹಕರು · ಜೂನ್ 9, ಬೆಳಿಗ್ಗೆ 10:30

ಮೇಲಿನ ಬರಹದಲ್ಲಿ ಕ್ಲೈಂಟ್ ಊರು, ವಯಸ್ಸು, ಮನೆಯವರ ಕೆಲಸ ಎಲ್ಲ ಇತ್ತು, ಅದಕ್ಕೆ ತೆಗೆದೆವು. ಬರೆದವರ ಮೇಲೆ ಸಿಟ್ಟಿಲ್ಲ. ಅವರಿಗೆ ಬೇರೆಯಾಗಿ ಮೆಸೇಜ್ ಹಾಕಿದ್ದೇವೆ. ನಿಮಗೆ ಏನಾಯಿತು ಎಂದು ಬರೆಯಿರಿ, ಕ್ಲೈಂಟ್‌ಗೆ ಏನಾಯಿತು ಎಂದು ಬೇಡ.

ಹಾಸನದ ಹುಡುಗಿ · ಜೂನ್ 9, ರಾತ್ರಿ 9:50

ಇಷ್ಟು ಜನ ಬರೆಯುತ್ತಾರೆ ಅಂತ ಅಂದುಕೊಂಡಿರಲಿಲ್ಲ. ಫಾರಿನ್ ಭೂತ ಸ್ವಲ್ಪ ಇಳಿದಿದೆ.

ಇನ್ನೊಂದು ಕೇಳಬೇಕಿತ್ತು, ಮೊದಲೇ ಬರೆಯಲು ನಾಚಿಕೆ ಆಯಿತು. ನಮ್ಮ ಓದೆಲ್ಲ ಇಂಗ್ಲಿಷ್. ಬರುವವರೆಲ್ಲ ಕನ್ನಡ. ಅವರು "ಬೇಜಾರು" ಅನ್ನುತ್ತಾರೆ. ಸಿನಿಮಾ ಚೆನ್ನಾಗಿಲ್ಲದಿದ್ದರೂ ಬೇಜಾರು, ಗಂಡ ಬೈದರೂ ಬೇಜಾರು, ಮಗ ತೀರಿಕೊಂಡರೂ ಬೇಜಾರು. ನಾನು ಫೈಲಿನಲ್ಲಿ ಇಂಗ್ಲಿಷಿನ ಒಂದು ಪದ ಆರಿಸಿ ಬರೆಯಬೇಕು. ಬರೆದ ಕೂಡಲೇ ಅವರು ಹೇಳಿದ್ದರಲ್ಲಿ ಅರ್ಧ ಸೋರಿಹೋಗುತ್ತದೆ. ಸೂಪರ್‌ವಿಷನ್‌ನಲ್ಲಿ ಆ ಇಂಗ್ಲಿಷ್ ಪದದ ಮೇಲೆ ಚರ್ಚೆ ನಡೆಯುತ್ತದೆ. ನಾನು ಸುಮ್ನೆ ತಲೆ ಆಡಿಸುತ್ತೇನೆ. ಕ್ಲಾಸಿನಲ್ಲಿ ನನ್ನ ಇಂಗ್ಲಿಷೇ ಕಡಿಮೆ, ಅದಕ್ಕೇ ಹೀಗಾಗುತ್ತಿದೆ ಅಂದುಕೊಂಡಿದ್ದೆ.

ಲೀಡ್ಸ್ ಮಳೆ · ಜೂನ್ 9, ರಾತ್ರಿ 11:15

ನಿನ್ನ ಇಂಗ್ಲಿಷ್ ತಪ್ಪಲ್ಲ. ನನಗೆ ಇಲ್ಲಿ ಉಲ್ಟಾ ಆಯಿತು. ಇಲ್ಲಿನ ಜನ "ನಾಟ್ ಟೂ ಬ್ಯಾಡ್" ಅನ್ನುತ್ತಾರೆ. ಮೊದಲ ಮೂರು ತಿಂಗಳು ನಾನು ಅದನ್ನು ಚೆನ್ನಾಗಿದ್ದಾರೆ ಎಂದೇ ಬರೆದುಕೊಂಡೆ. ಆಮೇಲೆ ಸೂಪರ್‌ವೈಸರ್ ರೆಕಾರ್ಡಿಂಗ್ ನಿಲ್ಲಿಸಿ, "ಆ ಮಾತು ಹೇಳುವ ಮುಂಚೆ ಎಷ್ಟು ಹೊತ್ತು ಸುಮ್ಮನಿದ್ದರು ಕೇಳು" ಅಂದರು. ಆ ಭಾಷೆಯಲ್ಲೇ ಬೆಳೆದವರು ಪಕ್ಕದಲ್ಲಿ ಕೂತಿದ್ದರಿಂದ ಅದು ಸಿಕ್ಕಿತು. ನಿನ್ನ ಪಕ್ಕದಲ್ಲಿ ಕನ್ನಡದವರು ಬೇಕು, ಅಷ್ಟೇ.

ಧಾರವಾಡ ಮೇಷ್ಟ್ರು · ಜೂನ್ 10, ಬೆಳಿಗ್ಗೆ 6:10

ನಮ್ಮ ಕಡೆ ಬೇಜಾರಿನ ಜೊತೆಗೆ ಸಂಕಟ, ತಳಮಳ, ಹಳಹಳಿಕೆ ಅಂತಲೂ ಅಂತಾರೆ. ಹಳಹಳಿ ಅಂದರೆ ಆಗಿಹೋದದ್ದನ್ನು ಮತ್ತೆ ಮತ್ತೆ ನೆನೆದು ಒಳಗೇ ಕೊರಗುವುದು. ಇದಕ್ಕೆ ಇಂಗ್ಲಿಷಿನಲ್ಲಿ ಒಂದೇ ಪದ ಹುಡುಕಬೇಡಮ್ಮ. ಕ್ಲೈಂಟ್ ಹೇಳಿದ ಮಾತನ್ನು ಹಾಗೇ ಕನ್ನಡದಲ್ಲಿ ಫೈಲಿನಲ್ಲಿ ಬರಿ, ಪಕ್ಕದಲ್ಲಿ ಇಂಗ್ಲಿಷ್ ಇರಲಿ. ಯಾರಾದರೂ ಬೇಡ ಅಂದರೆ ಮೇಷ್ಟ್ರೊಬ್ಬರು ಹೇಳಿದರು ಅನ್ನು.

ತಿಂಗಳಿಗೆ ಎರಡು ಭಾನುವಾರ ಆನ್‌ಲೈನಿನಲ್ಲಿ ನಾನು ಕೂರಲು ತಯಾರಿದ್ದೇನೆ. ದುಡ್ಡು ಬೇಡ. ನಿಮ್ಮ ಕಾಲೇಜಿನ ಸೂಪರ್‌ವಿಷನ್‌ಗೆ ಬದಲಿ ಇದಲ್ಲ, ತುರ್ತು ಇದ್ದರೆ ಮೊದಲು ನಿಮ್ಮ ಸಂಸ್ಥೆಯವರಿಗೇ ಹೇಳಬೇಕು. ಇಲ್ಲಿ ಹೆಸರಿಲ್ಲ, ಊರಿಲ್ಲ, ರೆಕಾರ್ಡಿಂಗ್ ಇಲ್ಲ, ಮಾರ್ಕ್ಸೂ ಇಲ್ಲ. ಆರು ಜನಕ್ಕಿಂತ ಜಾಸ್ತಿ ಬೇಡ. ಹದಿನಾಲ್ಕು ಜನರನ್ನು ಕೂರಿಸಿ ಏನಾಗುತ್ತದೆ ಅಂತ ನೋಡಿಯಾಗಿದೆ.

ಎರಡನೇ ಇನಿಂಗ್ಸ್ · ಜೂನ್ 10, ಬೆಳಿಗ್ಗೆ 7:00

ನಾನೊಬ್ಬಳು. ಆಂಟಿ ಅನ್ನದಿದ್ದರೆ.

ಮೆಲ್ಬರ್ನ್ ಅಮ್ಮ · ಜೂನ್ 10, ಬೆಳಿಗ್ಗೆ 7:20

ನಾನೂ. ಆದರೆ ರಾತ್ರಿ ಎಂಟಕ್ಕೆ ಇಡಬೇಡಿ, ಇಲ್ಲಿ ಹನ್ನೆರಡೂವರೆ ಆಗಿರುತ್ತದೆ.

ಮಿಡ್‌ವೆಸ್ಟ್ ಮಂಗಳೂರಿಗ · ಜೂನ್ 10, ಬೆಳಿಗ್ಗೆ 8:40

ಸಂಜೆ ಐದಕ್ಕೆ ಇಟ್ಟರೆ ನನಗೆ ಬೆಳಿಗ್ಗೆ ಆರೂವರೆ. ಆಗಲಿ, ಚಹಾ ಹಿಡಿದು ಬರುತ್ತೇನೆ. ಲೈಸೆನ್ಸ್ ಗಂಟೆಗೆ ಲೆಕ್ಕ ಇಲ್ಲದ ಗಂಟೆ ಒಂದಾದರೂ ಇರಲಿ.

ಸುಮ್ನೆ ಬಂದೆ · ಜೂನ್ 10, ಬೆಳಿಗ್ಗೆ 9:30

ಆರನೆಯ ಜಾಗ ಇದ್ದರೆ ನಮ್ಮ ಮನೆಯವರಿಗೆ ಇಡಿ. ನಿನ್ನೆ ರಾತ್ರಿ ಇದೆಲ್ಲ ಓದಿ ತೋರಿಸಿದೆ. ಆರು ನಿಮಿಷದ ವಿಷಯ ಬಂದಾಗ, "ನಮ್ಮಲ್ಲಿ ನಾಲ್ಕು" ಅಂದಳು. ಒಂದು ವರ್ಷದಿಂದ ನನಗೆ ಹೇಳಿರಲಿಲ್ಲ.

ಮೇಪಲ್ ಎಲೆ · ಜೂನ್ 10, ಸಂಜೆ 6:15

ಗುಂಪು, ಟೈಮು ಎಲ್ಲ ಸರಿ. ಹಾಸನದ ಹುಡುಗಿ, ಆ ರಾತ್ರಿಯ ಬಗ್ಗೆ ಯಾರ ಹತ್ತಿರವಾದರೂ ಮಾತಾಡಿದೆಯಾ? ಇಲ್ಲಿ ಬರೆದಿದ್ದು ಲೆಕ್ಕಕ್ಕಿಲ್ಲ.

ಹಾಸನದ ಹುಡುಗಿ · ಜೂನ್ 10, ರಾತ್ರಿ 10:05

ಮಾತಾಡಿದೆ ಅಕ್ಕ. ಇವತ್ತು ನಮ್ಮ ಸೂಪರ್‌ವೈಸರ್ ಮೇಡಂ ಹತ್ತಿರ ಹೋಗಿ, ಫೈಲ್ ಅಲ್ಲ, ನನ್ನ ಬಗ್ಗೆ ಹೇಳಬೇಕು ಅಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಕ್ಯಾಂಟೀನಿಗೆ ಕರೆದುಕೊಂಡು ಹೋದರು. ನಲವತ್ತು ನಿಮಿಷ ಕೂತರು. ಹೆಚ್ಚೇನೂ ಹೇಳಲಿಲ್ಲ. ಎದ್ದು ಹೋಗುವಾಗ, ತಮಗೆ ಮೊದಲ ಸಲ ಹೀಗಾದಾಗ ಮೂರು ದಿನ ಊಟ ಸೇರಿರಲಿಲ್ಲ ಅಂದರು. ಪೂರ್ತಿ ಕನ್ನಡದಲ್ಲೇ ಮಾತಾಡಿದರು. ಅವರಿಗೆ ಕನ್ನಡ ಬರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಭಾನುವಾರ ಸಂಜೆ ಐದು. ಲಿಂಕ್ ಎಲ್ಲರಿಗೂ ಬೇರೆ ಬೇರೆ ಕಳಿಸುತ್ತೇನೆ. ಬರುವಾಗ ನಿಮ್ಮ ಫೈಲಿನಲ್ಲಿ "ಬೇಜಾರು" ಇದ್ದ ಜಾಗದಲ್ಲಿ ನೀವು ಇಂಗ್ಲಿಷಿನಲ್ಲಿ ಏನು ಬರೆದಿದ್ದೀರಿ ನೋಡಿಕೊಂಡು ಬನ್ನಿ. ನನ್ನದರಲ್ಲಿ ಏಳು ಬೇರೆ ಬೇರೆ ಪದ ಇವೆ.